ದೂರಿನ ವೆಬ್ ಆ್ಯಪ್: ಪುಟ ಕಟ್ಟುವುದು ಸರ್ವರೋ, ಬ್ರೌಸರೋ?

ರಸ್ತೆಗುಂಡಿ, ಕೆಟ್ಟ ಬೀದಿದೀಪದ ದೂರು ಪಡೆಯುವ ಆ್ಯಪ್ ಕಟ್ಟಲು ಎರಡು ದಾರಿ. ಜ್ಯಾಂಗೊ, ರೈಲ್ಸ್ ಎಂಬ ಸರ್ವರ್ ಕಡೆಯ ಚೌಕಟ್ಟು ಬಳಸಿದರೆ ಸರ್ವರ್‌ನಿಂದಲೇ ಸಿದ್ಧ ಎಚ್‌ಟಿಎಂಎಲ್ ಬರುತ್ತದೆ. ರಿಯಾಕ್ಟ್ ಎಂಬ ಲೈಬ್ರರಿಯ ಏಕಪುಟ ಆ್ಯಪ್‌ನಲ್ಲಿ (ಒಮ್ಮೆ ತೆರೆದ ಪುಟದೊಳಗೇ ಎಲ್ಲ ನಡೆಯುವಂಥದ್ದು) ಪುಟ ಕಟ್ಟುವ ಭಾರ ಫೋನಿನ ತಲೆಗೆ.

ಹಳೆಯ ಫೋನು, ಕುಂಟುವ ನೆಟ್‌ವರ್ಕ್ ಇದ್ದಲ್ಲಿ ಮೊದಲನೆಯದೇ ವಾಸಿ. ಬ್ರೌಸರ್‌ನಲ್ಲಿ ಓಡುವ ಕೋಡ್ ಆದ ಜಾವಾಸ್ಕ್ರಿಪ್ಟ್ ಅರ್ಧಕ್ಕೆ ನಿಂತರೂ ಫಾರ್ಮ್ ಕೆಲಸ ಮಾಡುತ್ತದೆ; ಇನ್ನೊಂದರಲ್ಲಿ ಬರೀ ಬಿಳಿ ಪರದೆ. ಬ್ರಿಟನ್ನಿನ ಮೈಸೊಸೈಟಿ ಸಂಸ್ಥೆ 2007ರಲ್ಲಿ ತಂದ ದೂರಿನ ತಾಣ ಫಿಕ್ಸ್‌ಮೈಸ್ಟ್ರೀಟ್ ಕೂಡ ಪರ್ಲ್ ಭಾಷೆಯಲ್ಲಿ, ಸರ್ವರ್ ಕಡೆಯೇ ಪುಟ ಕಟ್ಟುವಂಥದ್ದು. ಒಂದು ಎಚ್ಚರ: ಸಲ್ಲಿಸಿದ ಮೇಲೆ ಜನ ರಿಫ್ರೆಶ್ ಒತ್ತುತ್ತಾರೆ, ಒಂದೇ ರಸ್ತೆಗುಂಡಿಗೆ ಎರಡು ದೂರು ಬೀಳುತ್ತವೆ. ಉತ್ತರವಾಗಿ 303 ರೀಡೈರೆಕ್ಟ್ (ಬ್ರೌಸರನ್ನು ಬೇರೆ ಪುಟಕ್ಕೆ ಕಳಿಸುವ ಸೂಚನೆ) ಕಳಿಸಿ; ಆಗ ರಿಫ್ರೆಶ್ ಆಗುವುದು ಆ ಪುಟ ಮಾತ್ರ. ಬಟನ್ನನ್ನೇ ಎರಡು ಸಲ ಒತ್ತುವವರಿಗೆ ಅದು ಸಾಲದು. ಫಾರ್ಮ್‌ನಲ್ಲಿ ಒಮ್ಮೆ ಮಾತ್ರ ನಡೆಯುವ ಟೋಕನ್ (ಗುರುತಿನ ಸಂಕೇತ) ಇಡಿ.

ಸಿಗ್ನಲ್ಲೇ ಇಲ್ಲದ ಕಡೆ ಸ್ವಯಂಸೇವಕರು ಸಮೀಕ್ಷೆ ಮಾಡುವುದಾದರೆ ಮಾತ್ರ ಏಕಪುಟ ಆ್ಯಪ್ ಗೆಲ್ಲುತ್ತದೆ. ದಾಖಲೆ ಬ್ರೌಸರ್‌ನೊಳಗಿನ ಸಂಗ್ರಹವಾದ ಇಂಡೆಕ್ಸ್‌ಡ್‌ಡಿಬಿಯಲ್ಲಿ ಕೂತು, ನೆಟ್ ಬಂದಾಗ ಹೋಗುತ್ತದೆ. ಆದರೆ ಬ್ಯಾಕ್‌ಗ್ರೌಂಡ್ ಸಿಂಕ್ (ಆ್ಯಪ್ ತೆರೆಯದಿದ್ದರೂ ಕಳಿಸುವ ಸೌಲಭ್ಯ) ಎಲ್ಲ ಬ್ರೌಸರ್‌ಗಳಲ್ಲೂ ಇಲ್ಲ, ಹಾಗಾಗಿ ಆ್ಯಪ್ ತೆರೆದಾಗೆಲ್ಲ ಮರುಪ್ರಯತ್ನ ನಡೆಯಬೇಕು. ಆ್ಯಪ್ ನವೀಕರಿಸಿದಾಗ ಬರುವ ಹೊಸ ಸರ್ವಿಸ್ ವರ್ಕರ್ (ನೆಟ್ ಇಲ್ಲದಾಗಲೂ ಆ್ಯಪ್ ನಡೆಸುವ ಹಿನ್ನೆಲೆಯ ಕೋಡ್) ಕೂಡ, ಹಳೆಯ ಟ್ಯಾಬ್‌ಗಳೆಲ್ಲ ಮುಚ್ಚುವವರೆಗೆ, ಸುಮ್ಮನೆ ಕಾಯುತ್ತದೆ. ‘ಆ್ಯಪ್‌ನಲ್ಲಿ ಸರಿಮಾಡಿದ ದೋಷ ಇನ್ನೂ ಇದೆ’ ಎಂಬ ದೂರಿನ ಮೂಲ ಹೆಚ್ಚಾಗಿ ಇದೇ.

ಯಾವುದನ್ನೇ ಆರಿಸಿ, ಫೋಟೊದಲ್ಲಿ ಅಡಗಿರುವ ಎಕ್ಸಿಫ್ (ಕ್ಯಾಮೆರಾ ಚಿತ್ರದೊಳಗೆ ಬರೆದಿಡುವ ವಿವರ) ಸ್ಥಳಮಾಹಿತಿಯನ್ನು ಪ್ರಕಟಿಸುವ ಮೊದಲು ಸರ್ವರ್‌ನಲ್ಲೇ ಅಳಿಸಿ.