ಎಂಎಸ್‌ಐ ಆಫ್ಟರ್‌ಬರ್ನರ್: ವೇಗಕ್ಕಿಂತ ತಂಪಿಗೆ ಹೆಚ್ಚು ಒದಗುವ ತಂತ್ರಾಂಶ

ಆಟಕ್ಕೆಂದು ಮನೆಯಲ್ಲಿ ಕಂಪ್ಯೂಟರ್ ಜೋಡಿಸಿಕೊಂಡವರಲ್ಲಿ ಹೆಚ್ಚಿನವರು ಗ್ರಾಫಿಕ್ಸ್ ಕಾರ್ಡಿನ ವೇಗ ಹೆಚ್ಚಿಸಲೆಂದೇ ಆಫ್ಟರ್‌ಬರ್ನರ್ ಹಾಕಿಕೊಳ್ಳುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಎನ್ವಿಡಿಯಾದ ಆರ್‌ಟಿಎಕ್ಸ್ 3060 ಕಾರ್ಡಿನೊಂದಿಗೆ ಇದನ್ನು ಬಳಸುತ್ತಿರುವ ನನಗೆ ಇದರ ನಿಜವಾದ ಉಪಯೋಗ ಕಂಡಿದ್ದು ವೋಲ್ಟೇಜ್ ತಗ್ಗಿಸುವುದರಲ್ಲಿ.

ಅಲೆಕ್ಸಿ ನಿಕೊಲಾಯ್ಚುಕ್ ಅವರ ರಿವಾಟ್ಯೂನರ್ ಎಂಬ ಹಳೆಯ ಕಾರ್ಡ್ ಹೊಂದಾಣಿಕೆ ತಂತ್ರಾಂಶದ ತಳಹದಿಯ ಮೇಲೆ ನಿಂತಿರುವ ಈ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಕಾರ್ಡು ಎಂಎಸ್‌ಐ ಕಂಪನಿಯದೇ ಆಗಿರಬೇಕೆಂದಿಲ್ಲ.

ಪ್ರತಿಯೊಂದು ಚಿಪ್ಪೂ ಸ್ಥಿರವಾಗಿ ನಡೆಯಲೆಂದು ತಯಾರಕರು ವೋಲ್ಟೇಜನ್ನು ತುಸು ಧಾರಾಳವಾಗಿಯೇ ನಿಗದಿ ಮಾಡಿರುತ್ತಾರೆ. ಚಿಪ್ಪು ಕೆಲಸ ಮಾಡುವಾಗ ಬಳಸುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್) ಅನುಗುಣವಾಗಿ ಏರುವುದರಿಂದ, ಅದೇ ವೇಗವನ್ನು 1.05 ವೋಲ್ಟಿನ ಬದಲು 0.9 ವೋಲ್ಟಿನಲ್ಲಿ ಪಡೆದರೆ ಆ ಬಳಕೆ ಲೆಕ್ಕದ ಪ್ರಕಾರ ಕಾಲು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಎನ್ವಿಡಿಯಾ ಕಾರ್ಡುಗಳು ಬಿಸಿಯೇರಿದಂತೆ ತಾವೇ ವೇಗವನ್ನು ಹಂತಹಂತವಾಗಿ ಇಳಿಸಿಕೊಳ್ಳುತ್ತವೆ. ಆದ್ದರಿಂದ ತಂಪಾಗಿರುವ ಕಾರ್ಡು ದೀರ್ಘ ಆಟದಲ್ಲೂ ವೇಗ ಕಳೆದುಕೊಳ್ಳದೆ, ಫ್ಯಾನಿನ ಗದ್ದಲವಿಲ್ಲದೆ ನಡೆಯುತ್ತದೆ. ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆದುಕೊಳ್ಳುವ, ಯಾವ ವೋಲ್ಟೇಜಿಗೆ ಎಷ್ಟು ವೇಗ ಎಂದು ತೋರಿಸುವ ರೇಖೆಯಲ್ಲಿ 900 ಮಿಲಿವೋಲ್ಟಿನ ಬಿಂದುವನ್ನು ಬೇಕಾದ ವೇಗಕ್ಕೆ ಏರಿಸಿ, ಅದರ ಬಲಗಡೆಯ ಭಾಗವನ್ನೆಲ್ಲ ಅದೇ ಎತ್ತರಕ್ಕೆ ಸಮತಟ್ಟು ಮಾಡಬೇಕು. ಇಷ್ಟು ಮುಖ್ಯವಾದ ಸೌಲಭ್ಯವನ್ನು ಮುಖಪುಟದಲ್ಲಿ ಎದ್ದು ಕಾಣುವಂತೆ ಇಡದಿರುವುದು ವಿನ್ಯಾಸದ ದೊಡ್ಡ ಕೊರತೆ. ಒಂದೇ ಮಾದರಿಯ ಎರಡು ಕಾರ್ಡುಗಳೂ ಒಂದೇ ರೀತಿ ಒಗ್ಗುವುದಿಲ್ಲ. ಆಟ ಮಧ್ಯದಲ್ಲಿ ನಿಂತುಹೋದರೆ ವೇಗವನ್ನು ಸ್ವಲ್ಪ ಇಳಿಸಿ ನೋಡಬೇಕು, ಮತ್ತು ಹಲವು ದಿನ ಸ್ಥಿರವಾಗಿ ನಡೆಯುವವರೆಗೆ ವಿಂಡೋಸ್ ಜೊತೆಗೇ ಈ ಬದಲಾವಣೆ ಜಾರಿಯಾಗುವ ಆಯ್ಕೆಯನ್ನು ಒತ್ತಬಾರದು.

ಇದರೊಂದಿಗೆ ಬರುವ ರಿವಾಟ್ಯೂನರ್ ಸ್ಟ್ಯಾಟಿಸ್ಟಿಕ್ಸ್ ಸರ್ವರ್ ಆಟದ ಪರದೆಯ ಮೇಲೆಯೇ ಉಷ್ಣತೆ, ಕಾರ್ಡಿನ ಸಾಮರ್ಥ್ಯದ ಬಳಕೆ, ಪ್ರತಿ ಫ್ರೇಮಿಗೆ, ಅಂದರೆ ಪರದೆಯ ಒಂದೊಂದು ಚಿತ್ರಕ್ಕೆ, ತಗಲುವ ಸಮಯ ಇವೆಲ್ಲವನ್ನೂ ತೋರಿಸುತ್ತದೆ. ಸೆಕೆಂಡಿಗೆ ಇಷ್ಟೇ ಫ್ರೇಮ್ ಎಂಬ ಮಿತಿ ಹಾಕದೆಯೂ ಗ್ರಾಫಿಕ್ಸ್ ಕಾರ್ಡಿನ ಬಳಕೆ ಶೇ 95ಕ್ಕಿಂತ ಬಹಳ ಕೆಳಗೇ ಇದ್ದರೆ ತೊಡಕು ಸಾಮಾನ್ಯವಾಗಿ ಪ್ರೊಸೆಸರಿನಲ್ಲಿಯೋ ರ‍್ಯಾಮಿನಲ್ಲಿಯೋ ಇರುತ್ತದೆ. 3200 ವೇಗದ ರ‍್ಯಾಮ್ ಕೊಂಡು, ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಪುಟವಾದ ಬಯಾಸ್‌ನಲ್ಲಿ ಅದಕ್ಕೆ ಪೂರ್ಣ ವೇಗ ಕೊಡುವ ಎಕ್ಸ್‌ಎಂಪಿ ಆಯ್ಕೆಯನ್ನು ಆನ್ ಮಾಡದೆ ಅದನ್ನು 2133ರಲ್ಲಿಯೇ ಓಡಿಸುವವರು ಈಗಲೂ ಇದ್ದಾರೆ. ಅಂಥವರಿಗೆ ಕಾರ್ಡಿನ ಹೊಂದಾಣಿಕೆಯಿಂದ ಆಗುವ ಲಾಭ ಅಲ್ಪ. ಸೆಕೆಂಡಿಗೆ 60 ಚಿತ್ರ ತೋರಿಸುವ 60 ಹರ್ಟ್ಸ್ ಮಾನಿಟರಿನಲ್ಲಿ ಆಡುವವರು ಫ್ರೇಮುಗಳಿಗೆ ಈ ಸರ್ವರಿನಲ್ಲಿಯೇ 60ರ ಮಿತಿ ಹಾಕಿದರೆ ಕಾರ್ಡಿನ ಹೊರೆ ಮತ್ತಷ್ಟು ಇಳಿಯುತ್ತದೆ.

ಎಎಂಡಿ ಕಾರ್ಡಿನವರಿಗೆ ಆ ಕಂಪನಿಯದೇ ಆದ ಅಡ್ರಿನಲಿನ್ ತಂತ್ರಾಂಶದಲ್ಲಿಯೇ ವೋಲ್ಟೇಜ್ ಹೊಂದಾಣಿಕೆ ಇರುವುದರಿಂದ ಇದರ ಅಗತ್ಯ ಕಡಿಮೆ. ಅನೇಕ ಲ್ಯಾಪ್‌ಟಾಪುಗಳಲ್ಲಿ ವಿದ್ಯುತ್ ಮಿತಿಯ ಆಯ್ಕೆ ಮುಚ್ಚಿರುತ್ತದೆ. ಕಾರ್ಡಿನ ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕಿನ ರೆಕ್ಕೆಗಳಲ್ಲಿ ದೂಳು ತುಂಬಿದ್ದರೆ ಯಾವ ತಂತ್ರಾಂಶವೂ ನೆರವಿಗೆ ಬಾರದು. ಮೊದಲು ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋವರ್‌ನಿಂದ ದೂಳು ತೆಗೆಯಬೇಕು.

ಇದೇ ಹೆಸರಿನ ನಕಲಿ ತಾಣಗಳು ವೈರಸ್ ಹಂಚಿರುವುದರಿಂದ ಇದನ್ನು ಎಂಎಸ್‌ಐ ಅಥವಾ ಗುರು3ಡಿ ತಾಣದಿಂದ ಮಾತ್ರ ಇಳಿಸಿಕೊಳ್ಳಬೇಕು.