ದೀರ್ಘಾವಧಿ ಅಧ್ಯಯನವೋ, ಅಡ್ಡಛೇದ ಅಧ್ಯಯನವೋ?

ದಾವಣಗೆರೆಯ ಅಂಗನವಾಡಿಗಳಲ್ಲಿ ಮಕ್ಕಳ ವಿಕಾಸ ಕುರಿತು ಸಂಶೋಧನೆ ಕೈಗೊಳ್ಳುವ ವಿದ್ಯಾರ್ಥಿಗಳು ಮೊದಲು ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆ ಇದು. ಅಡ್ಡಛೇದ ಅಧ್ಯಯನದಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಂದೇ ಅವಧಿಯಲ್ಲಿ ನೋಡಿ ಹೋಲಿಸುವುದರಿಂದ ಕೆಲಸ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ದೀರ್ಘಾವಧಿ ಅಧ್ಯಯನದಲ್ಲಿ ಅದೇ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಬೇಕು. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ನಡುವಯಸ್ಸಿನವರೆಗೂ ಪರೀಕ್ಷಿಸುತ್ತ ಬಂದಿರುವುದು ಇದಕ್ಕೆ ಉತ್ತಮ ನಿದರ್ಶನ.

ಬಳಪ ಹಿಡಿದ ಮೂರು ವರ್ಷದ ಮಗು ಸ್ಲೇಟಿನ ತುಂಬ ಗೀಚುತ್ತದೆ. ಪಕ್ಕದಲ್ಲೇ ಕುಳಿತ ಐದು ವರ್ಷದ ಮಗು ದುಂಡು ತಲೆ ಬರೆದು, ಕೈಕಾಲು ಸೇರಿಸಿ, ‘ಇದು ನಮ್ಮಜ್ಜಿ’ ಎನ್ನುತ್ತದೆ. ಅಂತರ ಕಣ್ಣಿಗೆ ಕಟ್ಟುತ್ತದೆ ನಿಜ, ಆದರೆ ಆ ಗೀಚು ಹೇಗೆ, ಯಾವಾಗ ಅಜ್ಜಿಯಾಯಿತು ಎಂಬುದನ್ನು ಅಡ್ಡಛೇದ ಅಧ್ಯಯನ ಹೇಳಲಾರದು. ಒಂದು ವಯೋಗುಂಪು ಮಾತ್ರ ಅಂಗನವಾಡಿ ಮುಚ್ಚಿದ್ದ ಕೋವಿಡ್ ದಿನಗಳಲ್ಲಿ ಬೆಳೆದಿದ್ದರೆ, ಅದರಿಂದಾದ ವ್ಯತ್ಯಾಸವನ್ನು ವಯಸ್ಸಿನ ಫಲವೆಂದು ತಪ್ಪಾಗಿ ಓದುವ ಅಪಾಯವೂ ಇದೆ.

ದೀರ್ಘಾವಧಿ ಅಧ್ಯಯನದ ತೊಡಕೇ ಬೇರೆ: ಕುಟುಂಬಗಳು ಕೂಲಿಗಾಗಿ ಗುಳೆ ಹೋದರೆ ಮಕ್ಕಳು ಅಧ್ಯಯನದಿಂದ ಕೈತಪ್ಪುತ್ತಾರೆ.

ಒಂದು ಸೆಮಿಸ್ಟರಿನ ಕಿರುಪ್ರಬಂಧವಾದರೆ ಅಡ್ಡಛೇದವನ್ನೇ ಆರಿಸಿ, ಪಿಎಚ್‌.ಡಿ.ಗೆ ಮೂರ್ನಾಲ್ಕು ವರ್ಷ ಕೈಯಲ್ಲಿದ್ದರೆ, ಮಕ್ಕಳ ಸಂಖ್ಯೆ ಕಡಿಮೆಯಾದರೂ ಸರಿ, ದೀರ್ಘಾವಧಿಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.