ಅಂಗಳದ ಅಡಿಕೆಗೆ ಯಾವ ಹವಾಮಾನ ಚಿತ್ರ?

ಚಾಲಿ, ಅಂದರೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಮಾಡುವ ಅಡಿಕೆ, ಒಣಗಲು ನಲವತ್ತು ದಿನಗಳಷ್ಟಾದರೂ ಬಿಸಿಲು ಬೇಕು. ಶಿರಸಿ ಕಡೆಯ ನಮ್ಮ ಅಂಗಳದ ಮೇಲೆ ಡಿಸೆಂಬರಿನಲ್ಲಿ ಮೋಡ ಕವಿದರೆ ಆಯಿ ಕೇಳುವುದು ಒಂದೇ: “ತಾಡಪತ್ರಿ ಮುಚ್ಚಬೇಕೋ? ಮುಚ್ಚುವುದಾದರೆ ಎಷ್ಟು ಹೊತ್ತಿಗೆ?” ಕಳೆದ ಕೊಯ್ಲಿನಲ್ಲಿ ಈ ಪ್ರಶ್ನೆ ಹಿಡಿದುಕೊಂಡೇ ನಾಲ್ಕು ಬಗೆಯ ಹವಾಮಾನ ಚಿತ್ರಗಳನ್ನು ಮೊಬೈಲಿನಲ್ಲಿ ತಾಳೆ ಹಾಕಿ ನೋಡಿದೆ.

ಮೊದಲು ಸೋತದ್ದು ಮೋಡದ ಕೆಳಗೆ ಮೂರು ಹನಿ ಬರೆದು, ಪಕ್ಕದಲ್ಲಿ ಶೇ 60 ಎಂದು ತೋರಿಸುವ ಆ್ಯಪ್. ಇಡೀ ದಿನಕ್ಕೆ ಒಂದೇ ಚಿತ್ರ. ಮಳೆ ನಸುಕಿಗೋ ಮಧ್ಯಾಹ್ನಕ್ಕೋ ಗೊತ್ತಾಗದು. ಆ ಶೇ 60 ಮಳೆ ಬೀಳುವ ಸಂಭವವೇ ಹೊರತು ಬೀಳುವ ಪ್ರಮಾಣವಲ್ಲ. ಆದರೆ ಮೂರು ಹನಿ ಕಂಡ ಕಣ್ಣು ಅದನ್ನು ಜೋರು ಮಳೆಯೆಂದೇ ಓದುತ್ತದೆ. ಒಂದು ದಿನ ಅದನ್ನು ನಂಬಿ ಬೆಳಿಗ್ಗೆಯೇ ಮುಚ್ಚಿದೆವು. ಸಂಜೆಯವರೆಗೆ ಸುಡುಬಿಸಿಲು, ರಾತ್ರಿ ಬಿದ್ದದ್ದು ನಾಲ್ಕು ಹನಿ. ಆಯಿ ಎರಡು ದಿನ ನನ್ನ ಮೊಬೈಲಿನ ಕಡೆ ತಿರುಗಿಯೂ ನೋಡಲಿಲ್ಲ.

ಹವಾಮಾನ ಇಲಾಖೆಯ ಹಸಿರು, ಹಳದಿ, ಕಿತ್ತಳೆ, ಕೆಂಪು ಜಿಲ್ಲಾ ನಕ್ಷೆ ಅಕ್ಷರ ಬಾರದವರಿಗೂ ತಿಳಿಯುತ್ತದೆ. ಆದರೆ ಅಲ್ಲಿ ಹಸಿರೆಂದರೆ ಎಚ್ಚರಿಕೆ ಇಲ್ಲ ಎಂದಷ್ಟೇ, ಮಳೆ ಇಲ್ಲವೆಂದಲ್ಲ. ಇಲಾಖೆಯ ಲೆಕ್ಕದಲ್ಲಿ ಭಾರಿ ಮಳೆ ಶುರುವಾಗುವುದೇ ದಿನಕ್ಕೆ 64.5 ಮಿಲಿಮೀಟರಿನಿಂದ, ಚಾಲಿ ಕೆಡಲು ಅದರ ಹತ್ತರಲ್ಲೊಂದು ಪಾಲೂ ಬೇಡ. ಸಾಲದ್ದಕ್ಕೆ, ಜಿಲ್ಲೆ ಒಂದೇ ಆದ್ದರಿಂದ ಕಾರವಾರದ ಕಡಲಿಗೂ ಮುಂಡಗೋಡಿನ ಬಯಲಿಗೂ ಒಂದೇ ಬಣ್ಣ. ಜೂನ್‌, ಜುಲೈನಲ್ಲಿ ಹೊಳೆ ದಾಟುವ ಮುನ್ನ ನಾನು ನೋಡುವುದು ಇದನ್ನೇ. ಅಡಿಕೆಯ ಕೆಲಸಕ್ಕೆ ಮಾತ್ರ ಇದು ಹೊಂದದು.

ಗಾಳಿಯ ಗೆರೆಗಳು ಹರಿದಾಡುವ ನಕ್ಷೆ ನಾಲ್ಕರಲ್ಲಿ ಚೆಂದದ್ದು. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿದು ಸುಳಿ ಕಟ್ಟುವುದು ಕಣ್ಣಿಗೆ ಕಟ್ಟುತ್ತದೆ. ಅಲ್ಲಿನ ಬಣ್ಣ ಗಾಳಿಯ ವೇಗದ್ದೆಂದು ತಿಳಿಯದೆ, ಅದನ್ನೇ ಮಳೆಯೆಂದು ಓದಿ ವಾರವಿಡೀ ಹೆದರಿದವನು ನಾನೇ.

ಗೆದ್ದದ್ದು ನಾರ್ವೆಯ ಹವಾಮಾನ ಆ್ಯಪ್ ‘ಯರ್’ ಕೊಡುವ ತಾಸುವಾರು ಚಿತ್ರ. ಅಡ್ಡಕ್ಕೆ ಹೊತ್ತು, ಮೇಲೆ ಉಷ್ಣಾಂಶದ ಗೆರೆ, ಕೆಳಗೆ ಮಳೆಯ ನೀಲಿ ಕಡ್ಡಿಗಳು. ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೆ ಉಷ್ಣಾಂಶದ ಕೆಂಪು ಗೆರೆಯೂ ನೀಲಿಯಾಗುತ್ತದೆ; ಶಿರಸಿಯವರಿಗೆ ಅದನ್ನು ನೋಡುವ ಯೋಗವಿಲ್ಲ. ಕಡ್ಡಿ ಎಲ್ಲಿ ಎದ್ದಿದೆಯೋ ಆ ಹೊತ್ತಿಗೆ ಮಳೆ, ಎಷ್ಟು ಎತ್ತರವೋ ಅಷ್ಟು ನೀರು. ಯಾವಾಗ, ಎಷ್ಟು ಎಂಬ ಎರಡಕ್ಕೂ ಒಂದೇ ನೋಟದಲ್ಲಿ ಉತ್ತರ. ಮಳೆ ಒಂದೆರಡು ತಾಸು ಆಚೀಚೆ ಆಗುವುದುಂಟು. ಹಾಗಾಗಿ ಮೊದಲ ಕಡ್ಡಿಗಿಂತ ಎರಡು ತಾಸು ಮುಂಚೆಯೇ ತಾಡಪತ್ರಿ ಎಳೆಯುತ್ತೇವೆ.

ನನ್ನ ಹಳೆಯ ಮೊಬೈಲಿನ ಪರದೆಯಲ್ಲಿ ಸಣ್ಣ ಕಡ್ಡಿಗಳು ಬಿಸಿಲಿಗೆ ಕಾಣುವುದಿಲ್ಲ. ಆಯಿ ಅಂಗಳದಿಂದಲೇ ಕೂಗುತ್ತಾಳೆ: “ಕಡ್ಡಿ ಎಷ್ಟು ಗಂಟೆಗೋ?” ನಾನು ಜಗಲಿಯ ನೆರಳಿಗೆ ಬಂದು ನೋಡಿ ಹೇಳುತ್ತೇನೆ.